ಅರ್ಧ ಸಾಲಿಗೆ ನಿಂತ ಪದಕೋಶ

ಸಿಂದಗಿಯಲ್ಲಿ ಕನ್ನಡ ಕಲಿಸುವ ನಾನು ಹಲವು ವರ್ಷಗಳಿಂದ ಒಕ್ಕಲುತನದ ಪದಗಳನ್ನು ಕೂಡಿಹಾಕುತ್ತ ಬಂದಿದ್ದೇನೆ. ಕೂರಿಗಿ, ಕುಂಟಿ, ಬಣವಿ, ಹಗೇವು. ಅವುಗಳ ಜೊತೆಗೆ ಹೇಳಿದವರ ಊರು, ಅವರ ಮಾತು. ಎಲ್ಲವನ್ನೂ ಟೈಪು ಮಾಡಿದ್ದು ಹಳೆಯ ಕನ್ನಡ ತಂತ್ರಾಂಶವೊಂದರಲ್ಲಿ. ಅದು ಹೊಸ ಕಂಪ್ಯೂಟರಿನಲ್ಲಿ ಏಳುವುದೇ ಇಲ್ಲ. ಪಕ್ಕದ ಇಂಡಿ ಪಟ್ಟಣದ ಬಸ್ ನಿಲ್ದಾಣದ ಹತ್ತಿರ ಡಿಟಿಪಿ ಅಂಗಡಿ ಇಟ್ಟಿರುವ ಹೆಣ್ಣುಮಗಳೊಬ್ಬಳು ನನ್ನ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮಷಿನ್ ಹಾಕಿಕೊಟ್ಟಿದ್ದಳು. ಅಂದರೆ ಹೊಸ ಕಂಪ್ಯೂಟರಿನ ಒಳಗೇ ಹಳೆಯದೊಂದು ಓಡುವ ಏರ್ಪಾಡು. ಪದಕೋಶ ಇದ್ದದ್ದು ಅದರೊಳಗೆ.

ಒಂದು ರವಿವಾರ ಬೆಳಗ್ಗೆ ನೋಡಿದರೆ ಲ್ಯಾಪ್‌ಟಾಪ್ ತಾನೇ ಅಪ್‌ಡೇಟ್ ಆಗಿ ಕುಳಿತಿತ್ತು. ವರ್ಚುವಲ್ ಮಷಿನ್ ತೆರೆಯಲಿಲ್ಲ. ಒತ್ತಿದಾಗಲೆಲ್ಲ ಒಂದು ಉದ್ದನೆಯ ಇಂಗ್ಲಿಷ್ ಸಂದೇಶ ಬಂದು ನಿಲ್ಲುತ್ತಿತ್ತು. ಎಲ್ಲ ಅಳಿಸಿ ಹೊಸದಾಗಿ ಹಾಕಿ ಎಂದು ಸಹೋದ್ಯೋಗಿಯೊಬ್ಬರು ಸಲಹೆ ಕೊಟ್ಟರು. ಹಾಗೆ ಮಾಡಲಿಲ್ಲ. ಇಂಡಿಗೆ ಫೋನ್ ಮಾಡಿದೆ.

“ಅಕ್ಕಾರ, ಏನೂ ಒತ್ತಬ್ಯಾಡ್ರಿ. ಅಳಿಸ್ಲೇನು ಅಂತ ಕೇಳಿದ್ರ ಬ್ಯಾಡ ಅನ್ರಿ. ಹಂಗ ತಗೊಂಡು ಬರ್ರಿ,” ಅಂದಳು.

ಮಧ್ಯಾಹ್ನದ ಹೊತ್ತಿಗೆ ಅವಳ ಅಂಗಡಿಯಲ್ಲಿದ್ದೆ. ಆಕೆ ರಿಪೇರಿಗೆ ಕೈಹಾಕಲೇ ಇಲ್ಲ. ಮೊದಲು ವರ್ಚುವಲ್ ಮಷಿನ್ನಿನ ಇಡೀ ಫೋಲ್ಡರನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಲು ಇಟ್ಟಳು. ಒಂದು ತಾಸಿನ ಮೇಲೆ ಹಿಡಿಯಿತು. ನಾನು ಚಡಪಡಿಸುತ್ತಿದ್ದೆ. ಆಕೆ ಅಷ್ಟರಲ್ಲಿ ಲಗ್ನಪತ್ರಿಕೆಯೊಂದರ ತಪ್ಪು ತಿದ್ದಿ ಮುಗಿಸಿದಳು.

ನಕಲು ಮುಗಿದ ಮೇಲೆ ಸಂದೇಶವನ್ನು ತೋರಿಸಿ ಕೇಳಿದಳು: “ಇದನ್ನ ಪೂರ್ತಿ ಓದೀರೇನ್ರಿ?”

ಓದಿರಲಿಲ್ಲ. ಮಕ್ಕಳಿಗೆ ದಿನಾ ‘ಪ್ರಶ್ನೆ ಸರಿಯಾಗಿ ಓದ್ರಿ’ ಎನ್ನುವವಳು ನಾನು. ನಾಚಿಕೆಯಾಯಿತು.

ಆಕೆ ಒಂದು ನೋಟ್‌ಬುಕ್ ತೆಗೆದಳು. ಒಂದು ಸಲಕ್ಕೆ ಒಂದೇ ಬದಲಾವಣೆ. ಮಾಡುವ ಮೊದಲು ಅದನ್ನು ಬರೆಯುವುದು. ಲ್ಯಾಪ್‌ಟಾಪ್ ಮತ್ತೆ ಚಾಲೂ ಮಾಡಿ ನೋಡುವುದು. ಮೊದಲು ವರ್ಚುವಲ್ ಮಷಿನ್ ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಹಾಕಿದಳು. ಅದೇ ಸಂದೇಶ. ಆಮೇಲೆ ಸೆಟ್ಟಿಂಗುಗಳನ್ನು ಒಂದೊಂದಾಗಿ ನೋಡುತ್ತ ಹೋಗಿ, ಅಪ್‌ಡೇಟ್ ಹೊಸದಾಗಿ ಚಾಲೂ ಮಾಡಿದ್ದ ಒಂದು ಭದ್ರತಾ ಸೌಲಭ್ಯವನ್ನು ಕಂಡುಹಿಡಿದಳು. ವರ್ಚುವಲ್ ಮಷಿನ್ನಿಗೆ ಬೇಕಾದ ಪ್ರೊಸೆಸರ್ ಸವಲತ್ತನ್ನೇ ಅದು ಹಿಡಿದು ಕುಳಿತಿತ್ತು. ಅದನ್ನು ಬಂದ್ ಮಾಡಿದಳು. ಈಗ ಬೇರೆಯೇ ಸಂದೇಶ ಬಂತು.

“ಮತ್ತ ಕೆಟ್ಟೇತೇನವಾ?” ಅಂದೆ.

“ಇಲ್ರಿ. ಬ್ಯಾರೆ ತಪ್ಪು ಬಂತಂದ್ರ ಮುಂದ ಹೋಗೇವಿ ಅಂತ ಅರ್ಥ,” ಅಂದು ನಕ್ಕಳು.

ಈ ಸಂದೇಶದ ಸಾರ ಇಷ್ಟು: ನಾನು ಹಿಂದಿನ ದಿನ ಒಳಗಿನ ಹಳೆಯ ಕಂಪ್ಯೂಟರನ್ನು ಮುಚ್ಚದೆ, ಹಾಗೇ ತಡೆದು ನಿಲ್ಲಿಸಿದ್ದೆ. ಆ ನಿಂತ ಸ್ಥಿತಿಯಿಂದ ಅದು ಮೇಲೇಳುತ್ತಿಲ್ಲ. ಆ ಸ್ಥಿತಿಯನ್ನು ಕೈಬಿಟ್ಟರೆ ಮಷಿನ್ ತೆರೆಯುತ್ತದೆ, ಆದರೆ ಸೇವ್ ಮಾಡದ ಬರಹ ಹೋಗುತ್ತದೆ. ಮನಗೂಳಿಯ ಅಜ್ಜಿಯೊಬ್ಬರು ಹೇಳಿದ ಪದಗಳನ್ನು ಅಂದು ಸಂಜೆ ಟೈಪು ಮಾಡಿದ್ದೆ, ಸೇವ್ ಮಾಡಿರಲಿಲ್ಲ. ಹೋದರೆ ಹೋಗಲಿ ಅಂದೆ.

“ಅಜ್ಜಿ ಮಾತು ಹೋಗ್ಲಿ ಅಂದ್ರ ಹೆಂಗ್ರಿ?” ಅಂದವಳೇ ನೋಟ್‌ಬುಕ್ಕಿನ ಮೊದಲ ಸಾಲಿಗೆ ಬೆರಳಿಟ್ಟಳು. “ಇದು ನಂದ ತಪ್ಪ್ರಿ. ಅವಸರ ಮಾಡಿ ಹೊಸ ಆವೃತ್ತಿ ಹಾಕೀನಿ. ನೀವು ನಿಲ್ಲಿಸಿದ್ದು ಹಳೇದ್ರಾಗ.”

ಹೊಸದನ್ನು ತೆಗೆದು ಹಳೆಯ ಆವೃತ್ತಿ ಹಾಕಿದಳು. ಡಿಸ್ಕಿನಲ್ಲಿದ್ದ ನಕಲಿನ ಇನ್ನೊಂದು ನಕಲು ತೆಗೆದು ಅದರ ಮೇಲೆ ಪ್ರಯೋಗ ಮಾಡಿದಳು. ಪರದೆ ಕಪ್ಪಾಯಿತು, ಆಮೇಲೆ ನನ್ನ ಪುಟ ಮೂಡಿತು. ‘ಹಗೇವು: ನೆಲದೊಳಗೆ ಜೋಳ ತುಂಬಿಡುವ ಕುಣಿ. ಇಳಿಯುವ ಮೊದಲು ದೀಪ ಇಳಿಬಿಟ್ಟು’. ಸಾಲು ಅಲ್ಲಿಗೇ ನಿಂತಿತ್ತು, ಪಕ್ಕದಲ್ಲಿ ಕರ್ಸರ್ ಮಿಣುಕುತ್ತಿತ್ತು. ನಾನು ಆ ಅರ್ಧ ಸಾಲನ್ನೇ ಮತ್ತೆ ಮತ್ತೆ ಓದಿದೆ. ಆಕೆ ಮಾತ್ರ ಶಾಂತವಾಗಿ, “ಮೊದ್ಲ ಸೇವ್ ಮಾಡ್ರಿ,” ಅಂದಳು.

ಭದ್ರತೆಯನ್ನು ಬಂದ್ ಮಾಡಿಕೊಂಡೇ ಇರುವುದು ಸರಿಯಲ್ಲ ಎಂದು ಆಕೆಯೇ ಹೇಳಿದಳು. ಪದಕೋಶವನ್ನೆಲ್ಲ ಹೊರಗೆ ತೆಗೆದು, ಎಲ್ಲ ಕಂಪ್ಯೂಟರಿನಲ್ಲೂ ತೆರೆಯುವ ಯುನಿಕೋಡ್ ಅಕ್ಷರಕ್ಕೆ ಬದಲಿಸಿ, ಆ ಸೌಲಭ್ಯವನ್ನು ಮತ್ತೆ ಚಾಲೂ ಮಾಡಿದಳು. ಬದಲಿಸುವಾಗ ಕೆಲವು ಒತ್ತಕ್ಷರಗಳು ಕೆಟ್ಟಿದ್ದವು. ಮುಂದಿನ ಎರಡು ರವಿವಾರ ಇಬ್ಬರೂ ಕುಳಿತು ತಿದ್ದಿದೆವು. ಅವಳ ತವರು ಮುದ್ದೇಬಿಹಾಳದ ಕಡೆ. ತಿದ್ದುತ್ತ ತಿದ್ದುತ್ತ, “ನಮ್ಮ ಕಡೆ ಹಿಂಗ ಅನ್ನಂಗಿಲ್ರಿ ಅಕ್ಕಾರ,” ಎಂದು ಆಗಾಗ ನಿಲ್ಲಿಸುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ.

ಅಷ್ಟು ವರ್ಷ ಊರೂರು ತಿರುಗಿದರೂ ಮುದ್ದೇಬಿಹಾಳದ ಪುಟಗಳೇ ತೆಳ್ಳಗಿದ್ದವು. ಈಗ ಅವು ದಪ್ಪವಾಗಿವೆ.