ಅಕ್ಕ ಬಿಟ್ಟುಹೋದ ಬೆಸಜೋಡಿ

ಅಳತೆ ತೆಗೆಯದೆ ಕಾಲಿನ ಬ್ರೇಸ್ ಹಂಚಿದವರು ನಮ್ಮ ಪಕ್ಕದ ಮನೆಯ ಅಕ್ಕನ ನಡಿಗೆಯನ್ನು ಕಸಿದುಕೊಂಡರು. ಇದನ್ನು ಮೆತ್ತಗೆ ಹೇಳುವ ಬಗೆ ನನಗೆ ತಿಳಿದಿಲ್ಲ. ಕಳೆದ ವಾರ ಅಕ್ಕನ ತಂಗಿ ಒಂದು ರಟ್ಟಿನ ಪೆಟ್ಟಿಗೆ ತಂದುಕೊಟ್ಟರು. ತೆರೆದರೆ ಬೀಡಿ ಎಲೆಯ ಒಗರು ವಾಸನೆ. ಒಳಗೆ ಯಾರೂ ತೊಡದ ಕ್ಯಾನ್ವಾಸ್ ಶೂಗಳು. ಎಡಗಾಲಿನವು ದೊಡ್ಡವು, ಬಲಗಾಲಿನವು ಚಿಕ್ಕವು. ನನಗೆ ನಗು ಬಂತು.

ಎಳವೆಯ ಪೋಲಿಯೊದಿಂದಾಗಿ ಅಕ್ಕನ ಬಲಪಾದ ಮೇಲಕ್ಕೆ ಏಳುತ್ತಿರಲಿಲ್ಲ. ಬೆರಳು ಕಲ್ಲಿಗೆ ತಾಗದಂತೆ ಮಂಡಿಯನ್ನು ಎತ್ತಿ ಎತ್ತಿ, ಹೊಳೆ ದಾಟುವವರ ಹಾಗೆ ನಡೆಯುತ್ತಿದ್ದರು. ದೃಷ್ಟಿ ಸದಾ ನೆಲದಲ್ಲಿ. ನಾನು ಮೂಡುಬಿದಿರೆಯ ಕಾಲೇಜಿಗೆ ಸೇರಿದ ವರ್ಷ ಅವರು ಮಂಗಳೂರಿಗೆ ಹೋಗಿ, ಕಾಲಿನ ಅಚ್ಚು ಕೊಟ್ಟು, ಮಂಡಿಯ ಕೆಳಗಿನಿಂದ ಪಾದದಡಿಯವರೆಗೆ ಬರುವ ಪ್ಲಾಸ್ಟಿಕ್ ಬ್ರೇಸ್ ಮಾಡಿಸಿಕೊಂಡರು. ಅದು ಪಾದವನ್ನು ಎತ್ತಿ ಹಿಡಿಯಿತು; ಹಿಮ್ಮಡಿ ಮೊದಲು ನೆಲ ಮುಟ್ಟತೊಡಗಿತು. ಕಣಕಾಲು ಬಾಗದ ಕಾರಣ ಇಳಿಜಾರಿನಲ್ಲಿ ಅಡ್ಡಡ್ಡವಾಗಿ ಇಳಿಯಬೇಕಾಗುತ್ತಿತ್ತು, ನಿಜ. ಆದರೆ ಸಮನೆಲದಲ್ಲಿ ಅಕ್ಕ ಮುಖವೆತ್ತಿ, ಎದುರಾದವರನ್ನೆಲ್ಲ ಮಾತನಾಡಿಸುತ್ತ ನಡೆದರು. ಮನೆಯಲ್ಲಿ ಕಟ್ಟಿದ ಬೀಡಿಯನ್ನು ಕಂಪನಿಯವರು ಲೆಕ್ಕ ಮಾಡಿ ತೆಗೆದುಕೊಳ್ಳುವ ಬ್ರಾಂಚಿಗೆ ತಾವೇ ಒಯ್ದು ಕೊಡುವುದು ಅವರ ದಿನದ ಹಬ್ಬ. ಅಲ್ಲಿ ಬೀಡಿಗಿಂತ ಸುದ್ದಿಯೇ ಹೆಚ್ಚು ಸಂದಾಯವಾಗುತ್ತಿತ್ತು...

ಬ್ರೇಸ್ ಶೂವಿನೊಳಗೇ ಇರಬೇಕು. ಬರಿದೇ ಊರಿದರೆ ನುಣ್ಣನೆಯ ನೆಲದಲ್ಲಿ ಜಾರುತ್ತದೆ. ನಮ್ಮಲ್ಲೋ, ಕಾಲಿನದ್ದನ್ನು ಕಳಚದೆ ಹೊಸ್ತಿಲು ದಾಟುವ ಪದ್ಧತಿಯಿಲ್ಲ. ಮೊದಲ ದಿನವೇ ಬ್ರಾಂಚಿನವರು, "ಶೂ ಹೊರಗೆ ಇಡಿ ಅಕ್ಕ" ಎಂದರು.

"ಹಾಗಾದ್ರೆ ಕಾಲನ್ನೂ ಹೊರಗೇ ಇಡ್ತೇನೆ. ಬೀಡಿ ನಡ್ಕೊಂಡು ಒಳಗೆ ಬರ್ತದಾ ಮಾರಾಯ್ರೆ?"

ಮರುದಿನ ಹೊಸ್ತಿಲಿಗೆ ಗೋಣಿಚೀಲ ಬಂತು. ಅಕ್ಕ ಅದರಲ್ಲಿ ಶೂ ಒರೆಸಿ, ಮದುವೆಗೆ ಬಂದ ಬೀಗಿತ್ತಿಯ ಗತ್ತಿನಲ್ಲಿ ಒಳಗೆ ಹೋದರು.

ಬ್ರೇಸ್ ಹಿಡಿಸಲು ಬಲಗಾಲಿಗೆ ದೊಡ್ಡ ಶೂ ಬೇಕು. ಗುರುವಾಯನಕೆರೆಯ ಅಂಗಡಿಯವರು ಜೋಡಿ ಒಡೆಯುತ್ತಿರಲಿಲ್ಲ. ಹಾಗಾಗಿ ಎರಡು ಜೋಡಿ ಕೊಂಡು, ಬೇಕಾದ ಒಂದೊಂದನ್ನು ತೊಟ್ಟು, ಉಳಿದವನ್ನು ಈ ಪೆಟ್ಟಿಗೆಗೆ ಸೇರಿಸುತ್ತಿದ್ದರು.

"ಎಡಗಾಲಿಗೆ ಬ್ರೇಸ್ ಹಾಕುವ ಗಂಡು ಎಲ್ಲಿಯಾದ್ರೂ ಉಂಟಾ ನೋಡು ಮಾರಾಯ್ತಿ," ಎನ್ನುತ್ತಿದ್ದರು ನನ್ನಲ್ಲಿ. "ಜಾತಕ ಬೇಡ, ಶೂವಿನ ನಂಬರ್ ಕೂಡಿದ್ರೆ ಸಾಕು."

ವರ್ಷಗಳ ಬಳಿಕ ಆ ಬ್ರೇಸ್ ಬಿರುಕು ಬಿಟ್ಟಿತು. ಉಚಿತ ವಿತರಣೆಯ ಶಿಬಿರದಲ್ಲಿ ಹೊಸದೇನೋ ಸಿಕ್ಕಿತು. ಅಲ್ಲಿ ಹಾರ, ಭಾಷಣ, ಫೋಟೋ ಎಲ್ಲವೂ ಇದ್ದವು. ಅಳತೆಯ ಟೇಪು ಇರಲಿಲ್ಲ. ಸಡಿಲ ಬ್ರೇಸಿನೊಳಗೆ ಹಿಮ್ಮಡಿ ಅಲ್ಲಾಡಿ ಹುಣ್ಣಾಯಿತು. ಬದಲಿಸಿಕೊಡಿ ಎಂದು ಕೇಳಿದಾಗ ಸಿಕ್ಕ ಉತ್ತರ, ಮುಂದಿನ ಶಿಬಿರಕ್ಕೆ ಬನ್ನಿ ಎಂದು.

"ಫೋಟೋದಲ್ಲಿ ಸರಿಯಾಗಿಯೇ ಕೂತಿದೆ. ನನ್ನ ಕಾಲೇ ಸರಿ ಇಲ್ಲವೋ ಏನೋ," ಎಂದು ಅಕ್ಕ ನಕ್ಕರು. ಆದರೆ ಅಂದಿನಿಂದ ಅವರ ಬೀಡಿ ತಂಗಿಯ ಕೈಯಲ್ಲಿ ಬ್ರಾಂಚಿಗೆ ಹೋಯಿತು. ಮುಂದಿನ ಶಿಬಿರಕ್ಕೆ ಮೊದಲೇ ಒಂದು ಜ್ವರ ಅವರನ್ನು ಒಯ್ದಿತು... ಬ್ರಾಂಚಿನ ಹೊಸ್ತಿಲಲ್ಲಿ ಗೋಣಿಚೀಲ ಈಗಲೂ ಇದೆ.

ಆ ಶಿಬಿರ ನಡೆಸಿದವರಲ್ಲಿ ನನ್ನ ವಿನಂತಿ: ಅಳತೆಯಿಲ್ಲದ ಬ್ರೇಸ್ ಕೊಟ್ಟದ್ದು ಏಕೆಂದು ಲಿಖಿತವಾಗಿ ಉತ್ತರಿಸಿ. ಅಚ್ಚು ತೆಗೆದು, ತೊಡಿಸಿ, ನಡೆಸಿ ನೋಡಿ, ನೋವಾದರೆ ತಿದ್ದಿಕೊಡುವ ವ್ಯವಸ್ಥೆಯನ್ನು ನಮ್ಮ ಬೆಳ್ತಂಗಡಿಯಲ್ಲೇ ಮಾಡಿ. ಜೊತೆಗೆ, ನಿಮ್ಮಿಂದ ಎಡಗಾಲಿಗೆ ಬ್ರೇಸ್ ಪಡೆದವರು ಎಲ್ಲಿದ್ದಾರೆ, ಹೇಗೆ ನಡೆಯುತ್ತಿದ್ದಾರೆ ಎಂದು ವಿಚಾರಿಸಿ ತಿಳಿಸಿ. ಅಕ್ಕನ ಶೂಗಳು ಹೊಸದಾಗಿಯೇ ಇವೆ. ಅಳತೆ ತೆಗೆಯಲು ನಾನೇ ಬರುತ್ತೇನೆ.