ಹಸಿರು ಶಾಯಿಯ ಮೊದಲ ಸಾಲು

ಜೇವರ್ಗಿ ತಾಲ್ಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ನರ್ಸ್. ಹುಟ್ಟಿದ ಕೂಸು ಉಸಿರಾಡದಿದ್ದರೆ ಏನು ಮಾಡಬೇಕೆಂದು ಕಲಿಸುವ ಎರಡು ದಿನದ ತರಬೇತಿಗೆ ನಮ್ಮ ಆಯಾ ಮತ್ತು ನಾನು ಕಲಬುರಗಿಗೆ ಹೋಗಿ ಬಂದೆವು. ನಾನು ಮೂರು ಬಣ್ಣದ ಪೆನ್ನಿನಲ್ಲಿ ನೋಟ್ಸ್ ಬರೆದೆ. ಆಮೇಲೆ ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ ಅದನ್ನೇ ಓದಿದೆ. ಓದಿದಷ್ಟೂ ಎಲ್ಲ ಗೊತ್ತಿದೆ ಅನಿಸುತ್ತಿತ್ತು.

ನನಗಿಂತ ದೊಡ್ಡವಳಾದ ಆಯಾಗೆ ಓದು ಬರಹ ಅಷ್ಟಕ್ಕಷ್ಟೆ. ಆಕೆ ಟವೆಲ್ ಸುತ್ತಿ ಕೂಸು ಮಾಡಿ, ಖಾಲಿ ಹೆರಿಗೆ ಟೇಬಲ್ ಮೇಲಿಟ್ಟು, ತನ್ನಷ್ಟಕ್ಕೆ ಗೊಣಗುತ್ತ ಒಂದೊಂದೇ ಹಂತ ಮಾಡಿ ನೋಡುತ್ತಿದ್ದಳು. ಬಂದ ಮರುದಿನ ಮಾಡಿದಳು, ಮುಂದಿನ ಸಂತೆಯ ದಿನ ಮಾಡಿದಳು, ಆಮೇಲೆ ಪ್ರತಿ ಅಮಾವಾಸ್ಯೆಗೆ. ನಡುವೆ ಮರೆತರೆ ನನ್ನನ್ನು ಕೇಳುತ್ತಿರಲಿಲ್ಲ, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ನಿಮ್ಮ ಟವೆಲ್ಲಿನ ತೊಟ್ಟಿಲ ಕಾರ್ಯ ಯಾವತ್ತು ಎಂದು ನಾನು ಕಾಡಿಸುತ್ತಿದ್ದೆ.

ಆರು ತಿಂಗಳ ಮೇಲೆ ಒಂದು ಮಧ್ಯಾಹ್ನ ನೆಲೋಗಿ ಕಡೆಯ ಹೆಣ್ಣುಮಗಳೊಬ್ಬಳ ಚೊಚ್ಚಲ ಹೆರಿಗೆ. ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಕೂಸು ಹೊರಬಂತು, ಅಳಲಿಲ್ಲ. ಮೈ ನೀಲಿಗಟ್ಟಿತ್ತು, ಕೈಕಾಲು ಜೋತುಬಿದ್ದಿದ್ದವು. ನನ್ನ ತಲೆ ಖಾಲಿಯಾಯಿತು. ನೋಟ್ಸಿನ ಆ ಪುಟ ನನ್ನ ಕಣ್ಣ ಮುಂದಿತ್ತು. ಮೊದಲ ಸಾಲು ಹಸಿರು ಶಾಯಿಯಲ್ಲಿದ್ದದ್ದು, ಅಂಚಿಗೆ ಚಹಾದ ಕಲೆಯಾಗಿದ್ದದ್ದು, ಎಲ್ಲ ಕಂಡಿತು. ಆ ಸಾಲಿನಲ್ಲಿ ಏನು ಬರೆದಿದ್ದೆ ಎಂಬುದು ಮಾತ್ರ ಹೊಳೆಯಲಿಲ್ಲ.

"ಮದ್ಲ ಒರಸ್ರಿ, ಸಿಸ್ಟರ್," ಎಂದಳು ಆಯಾ.

ಒಣ ಬಟ್ಟೆ ಆಗಲೇ ನನ್ನ ಕೈಗೆ ಬಂದಿತ್ತು. ಕೂಸಿನ ತಲೆ ಸರಿಯಾಗಿ ಇಡಲು ಹೇಳಿದಳು. ಬಾಯಿ ಸ್ವಚ್ಛ ಮಾಡಲು, ಆಮೇಲೆ ಮೂಗು, ಆಮೇಲೆ ಬೆನ್ನು ತಿಕ್ಕಲು ಹೇಳಿದಳು. ಅಷ್ಟಾದರೂ ಉಸಿರಿಲ್ಲ. ಗಾಳಿ ಕೊಡುವ ಚೀಲವನ್ನು ಆಕೆಯೇ ಜೋಡಿಸಿ ಕೊಟ್ಟಳು. ಹದಿನೈದು ವರ್ಷದ ಅನುಭವವಿದ್ದ ನರ್ಸ್ ನಾನು, ಆಯಾ ಹೇಳಿದಂತೆ ಚೀಲ ಒತ್ತಿದೆ. ಕೂಸು ಮೊದಲು ಕೆಮ್ಮಿತು, ಆಮೇಲೆ ಚೀರಿತು.

ಕೂಸನ್ನು ತಾಯಿಯ ಎದೆಯ ಮೇಲೆ ಮಲಗಿಸಿದೆ. ಇದೆಲ್ಲ ನಿಮಗೆ ಹೇಗೆ ನೆನಪಿತ್ತು ಎಂದು ಆಯಾಳನ್ನು ಕೇಳಿದೆ.

"ನೀವು ಮರ್ತ್ರ ಬುಕ್ಕ ತಗದು ನೋಡ್ತಿದ್ರಿ. ನನ್ನ ಬಲ್ಲಿ ಬುಕ್ಕ ಇಲ್ಲಲ್ರಿ. ಮರ್ತಾಗೊಮ್ಮೆ ತಲ್ಯಾಗಿಂದನ ತಗೀಬೇಕಾಗ್ತಿತ್ತು."

ಸಂಜೆ ಮನೆಯಲ್ಲಿ ಆ ಪುಟ ತೆಗೆದೆ. 'ಒಣ ಬಟ್ಟೆಯಿಂದ ಒರೆಸುವುದು.' ಅದರ ಕೆಳಗೆ ಎರಡು ಗೆರೆ ಎಳೆದಿದ್ದೆ. ಆ ಗೆರೆ ನೋಡಿ ನಾಚಿಕೆಗಿಂತ ಹೆದರಿಕೆಯೇ ಹೆಚ್ಚಾಯಿತು. ಆಕೆ ಆ ದಿನ ರಜೆ ಹಾಕಿದ್ದರೆ?

ಮರುದಿನ ನಾನೂ ಟವೆಲ್ ಸುತ್ತಿ ಟೇಬಲ್ ಮೇಲಿಟ್ಟೆ. ಒರೆಸಿದೆ, ತಲೆ ಸರಿ ಮಾಡಿದೆ, ಅಲ್ಲಿಗೇ ನಿಂತೆ. ನಿನ್ನೆಯಷ್ಟೇ ಇದೇ ಕೈಯಿಂದ ಮಾಡಿದ ಕೆಲಸ. ಬಾಗಿಲಲ್ಲಿ ನಿಂತಿದ್ದ ಆಯಾಳ ಮುಖ ನೋಡಿದೆ. ಮುಂದಿನದು ಯಾವುದು ಎಂದು ಕೇಳಿಯೇಬಿಟ್ಟೆ.

ಆಕೆ ಅದನ್ನು ಹೇಳಿಕೊಡದೆ ಟವೆಲ್ಲಿನ ಕಡೆ ನೋಡಿ, "ಕೂಸು ಇನ್ನಾ ಅತ್ತಿಲ್ರಿ, ಸಿಸ್ಟರ್," ಎಂದಳು.