ಬೀದಿಯ ಮಾಳಿಗೆಗಳಿಗೆ ಸುಣ್ಣ

ಬಸ್ಸಿನ ಕೆಲಸ ಮುಗಿದು ವರ್ಷಗಳಾದರೂ ಬೀದಿಯವರಿಗೆಲ್ಲ ಅವರು ಕಂಡಕ್ಟರ್ ಮಾವನೇ. ಕೆಲಸಕ್ಕೆ ನಿವೃತ್ತಿ ಸಿಕ್ಕಿತ್ತು, ಗಂಟಲಿಗೆ ಸಿಕ್ಕಿರಲಿಲ್ಲ. ಮನೆಯೊಳಗೆ ಹೆಂಡತಿಯನ್ನು ನೀರು ಕೇಳಿದರೆ ಪಕ್ಕದ ಮನೆಯವರು ಲೋಟ ಹುಡುಕಬೇಕು, ಅಂಥ ದನಿ.

ಹೋದ ಬೇಸಿಗೆಯಲ್ಲಿ ಎದುರು ಕಟ್ಟಡದ ತಗಡಿನ ಕೋಣೆಯಲ್ಲಿದ್ದ ಗಡಿಯಾರ ರಿಪೇರಿಯವರು ಝಳಕ್ಕೆ ಎಚ್ಚರ ತಪ್ಪಿ ಬಿದ್ದರು. ಒಂಟಿ ಜೀವ. ಹಾಲು ಹಾಕುವವಳು ಬಾಗಿಲು ತಟ್ಟದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಾವನ ಮಗಳು ಅವರಿಗೆ ಮೆಲ್ಲಗೆ ಹೇಳಿದಳು: "ಅಪ್ಪಾ, ಮುಂದಿನ ಬೇಸಿಗೆಗಳು ಇನ್ನೂ ಜೋರಾಗಿರ್ತವೆ. ಈ ಬಿಸಿ ಏರಿಸೋ ಹೊಗೆ ಕಮ್ಮಿ ಮಾಡೋದು ಇಡೀ ಲೋಕ ಸೇರಿ ಮಾಡೋ ಕೆಲಸ. ಅಲ್ಲಿವರೆಗೆ ಜನ ಉಳೀಬೇಕಲ್ಲ. ಮಾಳಿಗೆಗೆ ಬಿಳಿ ಬಳಿದ್ರೂ ಒಳಗೆ ಎಷ್ಟೋ ತಂಪು."

ಚಳಿಗಾಲ ಕಳೆಯುತ್ತಲೇ ಮಾವ ಸುಣ್ಣ ಕಲಸಿದರು. "ಕಾಲು ಮುರ್ಕೊಂಡ್ರೆ ನಿಮ್ಮನ್ನ ಹೊರೋರು ಯಾರ್ರೀ?" ಎಂದು ಗೊಣಗಿದ ಹೆಂಡತಿಯೇ ಬಕೆಟ್ಟು ಹಿಡಿದು ಮೇಲೆ ಬಂದರು. ತಮ್ಮದು ಮುಗಿಸಿ ಗಡಿಯಾರದವರ ತಗಡಿಗೂ ಬಳಿದರು.

"ಏನ್ ಮಾವ, ಸೂರ್ಯನಿಗೇ ಸುಣ್ಣ ಹಚ್ತೀರಾ?" ಎಂದ ಇಸ್ತ್ರಿಯವನು.

"ಅವನು ಕೈಗೆ ಸಿಗಲ್ಲಪ್ಪ, ನಿನ್ನ ಮಾಳಿಗೆ ಸಿಗುತ್ತೆ. ಏಣಿ ತಾ."

ಬೇಸಿಗೆ ಬಂತು, ಹಿಂದಿನದಕ್ಕಿಂತ ಬಿರುಸಾಗಿಯೇ. ಮಧ್ಯಾಹ್ನ ಮಾವ ಕೊಡೆ ಹಿಡಿದು, ಒಂಟಿಯಾಗಿರುವವರ ಬಾಗಿಲು ತಟ್ಟುತ್ತ ಹೊರಡುತ್ತಿದ್ದರು. "ನೀರು ಕುಡಿದ್ರಾ? ಎಲ್ಲಿ, ಮುಖ ತೋರ್ಸಿ." ನಿದ್ದೆ ಕೆಟ್ಟವರು ಬೈದುಕೊಂಡೇ ಬಾಗಿಲು ತೆಗೆಯುತ್ತಿದ್ದರು.

ಒಂದು ದಿನ ಹಾಗೆ ಹೊರಟಿದ್ದಾಗ ಮಾವನಿಗೇ ತಲೆ ಸುತ್ತು ಬಂತು. ಇಸ್ತ್ರಿಯವನು ಓಡಿಬಂದು ಹಿಡಿದ. ಹತ್ತಿರದಲ್ಲಿದ್ದ ಗಡಿಯಾರದವರ ಕೋಣೆಯಲ್ಲೇ ಮಲಗಿಸಿದರು. ಕಣ್ಣು ಬಿಟ್ಟಾಗ ಗಡಿಯಾರದವರು ಒದ್ದೆ ಬಟ್ಟೆಯಿಂದ ಅವರ ಹಣೆ ಒರೆಸುತ್ತಿದ್ದರು. ಹೊರಗೆ ಕೆಂಡ ಸುರಿದಂಥ ಬಿಸಿಲು, ಕೋಣೆಯಲ್ಲಿ ಮಾತ್ರ ಉಸಿರಾಡುವಷ್ಟು ತಂಪಿತ್ತು.

ಸುದ್ದಿ ತಿಳಿದ ಮಗಳು ಬಂದು ಚೆನ್ನಾಗಿ ಬೈದಳು. ಅವತ್ತು ಸಂಜೆ ಬೀದಿಯವರೇ ಸೇರಿ ಬಾಗಿಲು ತಟ್ಟುವ ಕೆಲಸವನ್ನು ಮನೆಗೊಂದು ಸರದಿಯಂತೆ ಹಂಚಿಕೊಂಡರು. ಆ ಬೇಸಿಗೆ ಮುಗಿಯುವವರೆಗೆ ಅಲ್ಲಿಂದ ಒಬ್ಬರೂ ಆಸ್ಪತ್ರೆ ಸೇರಲಿಲ್ಲ.

ಮಳೆಗಾಲ ಮುಗಿದ ಮೇಲೆ ಹಿಂದಿನ ಬೀದಿಯ ಹೆಂಗಸರಿಬ್ಬರು ಬಂದರು. "ಮಾವ, ನಮ್ಮಲ್ಲೂ ಸುಣ್ಣ ಬಳೀಬೇಕು. ಕಲಸೋದು ಹೇಗೆ, ಒಂದು ಸಲ ತೋರಿಸಿಕೊಡ್ತೀರಾ?"

ಮಾವ ಚಪ್ಪಲಿ ಮೆಟ್ಟಿದರು. ಹೆಂಡತಿ ಮನೆಗೆ ಬೀಗ ಹಾಕಿ ಜೊತೆಗೇ ಹೊರಟರು.